ಕರಿಬಸಜ್ಜಿಯ ತೂಕದ ಕಲ್ಲು ಮತ್ತು ನನ್ನ ಖನಿಜ ಸಂಶೋಧನೆ

ಕೆಲವರು ಅಂಚೆಚೀಟಿ ಕೂಡಿಡುತ್ತಾರೆ, ಕೆಲವರು ಹಳೇ ನಾಣ್ಯ ಕೂಡಿಡುತ್ತಾರೆ. ನಾನು ಕಲ್ಲು ಕೂಡಿಡುತ್ತಿದ್ದೆ. ಚಿತ್ರದುರ್ಗದ ಸೀಮೆಯವನು ಕಲ್ಲು ಕೂಡಿಡುವುದರಲ್ಲಿ ಏನು ಮಹಾ, ಕಣ್ಣು ಬಿಟ್ಟರೆ ಕಾಣುವುದೇ ಅದು ಎಂದು ನೀವು ಕೇಳಬಹುದು. ಸ್ವಾಮಿ, ನನ್ನದು ಅಂಥಿಂಥ ಕಲ್ಲಲ್ಲ! ಮನುಷ್ಯರ ಹೆಸರಿಟ್ಟಿರುವ ಅಪರೂಪದ ಖನಿಜಗಳು ಮಾತ್ರ. ಯಾವ ದೇಶದಲ್ಲೋ ಯಾವ ಕಾಲದಲ್ಲೋ ಬಾಳಿದ ವಿದ್ವಾಂಸರ ಹೆಸರಿನ ಕೊನೆಗೆ ಒಂದು ‘ಐಟ್’ ಅಂಟಿಸಿ ಕಲ್ಲಿಗೆ ಇಟ್ಟುಬಿಟ್ಟಿರುತ್ತಾರೆ. ಬಾರ್ನೈಟ್, ಕೊವೆಲ್ಲೈಟ್, ಹೀಗೆ. ಭರಮಸಾಗರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದ ನಾನು ಇಂಥ ಹದಿನಾಲ್ಕು ರತ್ನಗಳನ್ನು ಮೈಸೂರುಪಾಕಿನ ಖಾಲಿ ಡಬ್ಬಿಗಳಲ್ಲಿ ಹತ್ತಿ ಹಾಸಿ, ಚೀಟಿ ಅಂಟಿಸಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕ ಇಟ್ಟಿದ್ದೆ.

ನನ್ನ ಹೆಂಡತಿ ಸರ್ವಮಂಗಳ ಅದನ್ನು ಜಲ್ಲಿ ಎನ್ನುತ್ತಿದ್ದಳು.

ಹದಿನೈದನೆಯದಾಗಿ ನನಗೆ ಹೌಸ್‌ಮನ್ನೈಟ್ ಬೇಕಾಗಿತ್ತು. ಅದರ ಚಿತ್ರವನ್ನು ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದೆನೆಂದರೆ, ಕಪ್ಪಗೆ ಕಂದು ಹೊಳಪಿನ ಯಾವುದನ್ನು ಕಂಡರೂ ಎದೆ ಡವಗುಟ್ಟುತ್ತಿತ್ತು. ಒಮ್ಮೆ ಬೆಲ್ಲದ ಅಚ್ಚೊಂದನ್ನು ಕಂಡು ಬೈಕ್ ನಿಲ್ಲಿಸಿದ್ದೂ ಉಂಟು. ಇಂಥ ಸ್ಥಿತಿಯಲ್ಲಿದ್ದ ನನಗೆ ಅದು ಕೊನೆಗೂ ಸಿಕ್ಕಿದ್ದು ಬೆಟ್ಟದಲ್ಲಲ್ಲ, ಗಣಿಯಲ್ಲೂ ಅಲ್ಲ. ನಮ್ಮೂರ ಸಂತೆಯಲ್ಲಿ, ಕರಿಬಸಜ್ಜಿಯ ತಕ್ಕಡಿಯಲ್ಲಿ!

ಕರಿಬಸಜ್ಜಿ ಹುಣಸೆಹಣ್ಣು ಮಾರುವವಳು. ಸಂತೆಯಲ್ಲಿ ಎಲ್ಲರೂ ಬ್ಯಾಟರಿ ತಕ್ಕಡಿಗೆ ಬದಲಾದರೂ ಈ ಅಜ್ಜಿ ಮಾತ್ರ ಕೈತಕ್ಕಡಿ ಬಿಟ್ಟಿಲ್ಲ. ಒಂದು ತಟ್ಟೆಯಲ್ಲಿ ಹುಣಸೆಹಣ್ಣು, ಇನ್ನೊಂದರಲ್ಲಿ ಕಬ್ಬಿಣದ ಬಟ್ಟಿನ ಬದಲು ಒಂದು ಕಪ್ಪು ಕಲ್ಲು. ಸರಿಯಾಗಿ ಒಂದು ಕೆಜಿ ತೂಗುತ್ತದೆ. ಅಜ್ಜಿಗೆ ಅವಳ ಅತ್ತೆ ಕೊಟ್ಟದ್ದು. ಬೇರೆ ಅಂಗಡಿಯಲ್ಲಿ ತೂಕದ ಬಗ್ಗೆ ಅನುಮಾನ ಬಂದರೆ ಜನ ಅಜ್ಜಿಯ ಹತ್ತಿರ ತಂದು ಮತ್ತೊಮ್ಮೆ ತೂಗಿಸಿಕೊಂಡು ಹೋಗುತ್ತಿದ್ದರು. ಅಷ್ಟು ನಂಬಿಕೆ.

“ಅಜ್ಜಿ, ಈ ಕಲ್ಲು ನನಗೆ ಕೊಡ್ತೀಯಾ?” ಎಂದೆ.

“ಅದನ್ನ ಕೊಟ್ಟು ನಾನೇನ್ ಬಾಯಾಗೆ ತೂಗ್ಲಾ ಮೇಷ್ಟ್ರೇ? ಬರ್ರಿ, ಕುಂತ್ಕಳ್ರಿ, ಹಣ್ಣು ತಗಳ್ರಿ.”

ವಿಜ್ಞಾನದ ದಾರಿಯಲ್ಲಿ ಅಡೆತಡೆಗಳು ಸಹಜ. ನಾನು ಮುಂದಿನ ಸಂತೆಯೊಳಗೆ ಒಂದು ಯೋಜನೆ ಸಿದ್ಧಪಡಿಸಿದೆ. ಅಜ್ಜಿಯ ಕಲ್ಲಿನಷ್ಟೇ ಗಾತ್ರದ, ಅದೇ ಆಕಾರದ ಇನ್ನೊಂದು ಕಲ್ಲನ್ನು ಅದರ ಜಾಗದಲ್ಲಿ ಇಡುವುದು. ಅಜ್ಜಿಗೂ ಕಲ್ಲು, ನನಗೂ ಕಲ್ಲು. ಯಾರಿಗೂ ನಷ್ಟವಿಲ್ಲ! ಮೂರು ದಿನ ಗುಡ್ಡ ಅಲೆದು ಒಂದು ಬಿಳಿ ಬೆಣಚುಕಲ್ಲು ಆರಿಸಿ ತಂದೆ. ಅದಕ್ಕೆ ಹೆಂಚಿನ ಮಸಿ ಬಳಿದು, ಹರಳೆಣ್ಣೆ ಹಾಕಿ ಹಿತ್ತಲಲ್ಲಿ ಕೂತು ಉಜ್ಜಿದೆ.

ಸರ್ವಮಂಗಳ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದಳು. “ನನ್ ಮಂಡಿ ನೋವಿಗೆ ಒಂದಿನ ಎಣ್ಣೆ ಹಚ್ಚಿದೋರಲ್ಲ. ಕಲ್ಲಿಗೆ ಏನ್ ಉಪಚಾರ ನಡೆದೈತ್ರೀ!”

“ಸಂಶೋಧನೆ,” ಎಂದೆ.

ಸಂತೆಯ ದಿನ ಅದೃಷ್ಟವೂ ನನ್ನ ಕಡೆಗೇ ಇತ್ತು. ನಾನು ಚೀಲ ಹಿಡಿದು ಹೋಗಿ ನಿಂತ ಕೂಡಲೇ ಅಜ್ಜಿ ತಾನಾಗಿಯೇ ಎದ್ದಳು. “ಒಳ್ಳೆ ಟೈಮಿಗೆ ಬಂದ್ರಿ ಮೇಷ್ಟ್ರೇ. ರೇಷನ್ ಅಂಗ್ಡೀಲಿ ಹೆಬ್ಬೆಟ್ಟು ಒತ್ತಿ ಬತ್ತೀನಿ. ಅಲ್ಲಿಗಂಟ ಇಲ್ಲಿ ಕುಂತ್ಕಳ್ರಿ. ನಿಮ್ಮನ್ನ ಬಿಟ್ಟು ಇನ್ಯಾರನ್ನ ನಂಬ್ಲಿ?”

ಆ ಮಾತು ಎದೆಗೆ ಚುಚ್ಚಿತು, ನಿಜ. ಆದರೆ ಹೌಸ್‌ಮನ್ನೈಟ್ ಅದಕ್ಕಿಂತ ಹತ್ತಿರದಲ್ಲಿತ್ತು.

ಅಜ್ಜಿ ಮರೆಯಾದ ಕೂಡಲೇ ಕಲ್ಲು ಬದಲಾಯಿಸಿದೆ. ಹೊಸ ಕಲ್ಲು ಕೈಗೆ ಹಗುರ ಅನ್ನಿಸಿತು. ಸಂತೋಷದಲ್ಲಿ ಎಲ್ಲವೂ ಹಗುರ ಅನ್ನಿಸುತ್ತದೆ ಎಂದುಕೊಂಡೆ! ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಖನಿಜದ ಒಳಮೈ ನೋಡದೆ ಯಾವ ಸಂಗ್ರಾಹಕನಿಗೂ ಸಮಾಧಾನವಿಲ್ಲ. ಹುಣಸೆಹಣ್ಣಿನ ಮೂಟೆಗಳ ಹಿಂದೆ ಕುಕ್ಕರಗಾಲಲ್ಲಿ ಕೂತು, ಚೀಲದಿಂದ ಸುತ್ತಿಗೆ ತೆಗೆದು, ಅಜ್ಜಿಯ ಕಲ್ಲಿನ ಮೂಲೆಗೆ ಒಂದೇ ಒಂದು ಏಟು ಕೊಟ್ಟೆ. ಒಂದು ಚೂರು ಹಾರಿ ಬಂತು. ಒಳಗೆ ಏನು ಹೊಳಪು! ಚೂರನ್ನು ಅಂಗಿಯ ಜೇಬಿಗೆ, ಕಲ್ಲನ್ನು ಚೀಲಕ್ಕೆ ಸೇರಿಸಿದೆ.

ಅಷ್ಟರಲ್ಲಿ ಗಿರಾಕಿಗಳು ಬಂದರು. ರೇಷನ್ ಅಂಗಡಿಯ ಸರ್ವರ್ ಕೈಕೊಟ್ಟಿತ್ತೋ ಏನೋ, ಅಜ್ಜಿಯ ಸುಳಿವಿಲ್ಲ. ಬಂದವರನ್ನು ಬರಿಗೈಲಿ ಕಳಿಸಬಾರದು ಎಂಬ ಒಳ್ಳೆಯ ಬುದ್ಧಿಯಿಂದ ನಾನೇ ತಕ್ಕಡಿ ಎತ್ತಿದೆ. “ಮೇಷ್ಟ್ರೇ ತೂಗ್ತಾವ್ರೆ ಅಂದ್ಮ್ಯಾಲೆ ಕೇಳೋದೇನೈತೆ” ಎಂದು ಜನ ಮುಗಿಬಿದ್ದರು. ಏಳು ಜನಕ್ಕೆ ತೂಗಿ ಕೊಟ್ಟೆ. ಎಂಟನೆಯವಳು ಸರ್ವಮಂಗಳ.

ಅವಳು ಪೊಟ್ಟಣವನ್ನು ಕೈಯಲ್ಲಿ ಒಮ್ಮೆ ಮೇಲೆ ಕೆಳಗೆ ಆಡಿಸಿದಳು. “ಏನ್ರೀ ಇದು? ಕೆಜಿ ಇಲ್ಲ ಇದು.”

“ಮುಳ್ಳು ನೋಡು. ನೆಟ್ಟಗೆ ನಿಂತಿದೆ. ವಿಜ್ಞಾನದ ಮೇಷ್ಟ್ರಿಗೆ ತೂಕ ಹೇಳಿಕೊಡ್ತೀಯಾ?”

ಅವಳು ಸೀದಾ ಎದುರಿಗಿದ್ದ ಮಂಜಣ್ಣನ ಕಿರಾಣಿ ಅಂಗಡಿಗೆ ಹೋಗಿ ಪೊಟ್ಟಣವನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟಳು. ಮಂಜಣ್ಣ ಇಡೀ ಸಂತೆಗೆ ಕೇಳುವ ಹಾಗೆ ಓದಿದ: “ಐನೂರಾ ಐವತ್ತು ಗ್ರಾಂ!”

ಆಗ ನನಗೆ ಎಂಟನೇ ಕ್ಲಾಸಿನ ಪಾಠ ನೆನಪಾಯಿತು. ಸಾಂದ್ರತೆ! ಒಂದೇ ಗಾತ್ರದ ಎರಡು ವಸ್ತುಗಳ ತೂಕ ಒಂದೇ ಇರಬೇಕಾಗಿಲ್ಲ. ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಬರೆದು, ಅಡಿಗೆರೆ ಎಳೆದು, ಪರೀಕ್ಷೆಗೆ ಕೊಟ್ಟು, ತಪ್ಪು ಬರೆದವರನ್ನು ಬೆಂಚಿನ ಮೇಲೆ ನಿಲ್ಲಿಸಿದ ಪಾಠ ಅದು. ನನಗೆ ಈಗ ತಾನೇ ಅರ್ಥವಾಯಿತು.

ಹೋದ ಏಳು ಜನರಲ್ಲಿ ಐದು ಜನ ಹೇಗೋ ಸುದ್ದಿ ತಿಳಿದು ತಿರುಗಿ ಬಂದರು. ಅವರ ಜೊತೆಗೆ ಹಣ್ಣು ಕೊಳ್ಳದ ಐವತ್ತು ಜನರೂ ಬಂದರು. ಸರಿಯಾಗಿ ಆ ಹೊತ್ತಿಗೆ ಕರಿಬಸಜ್ಜಿ ಬಂದಳು. ಜನ ಬೈದದ್ದು ನನ್ನನ್ನಲ್ಲ. ಮೇಷ್ಟ್ರಿಗೆ ಏನು ಗೊತ್ತು, ಪಾಪ, ಇದ್ದ ಕಲ್ಲಲ್ಲಿ ತೂಗಿದ್ದಾರೆ. ಬೈದದ್ದು ಅಜ್ಜಿಯನ್ನು!

“ಏನಜ್ಜಿ, ಇಷ್ಟ್ ವರ್ಷ ಇದೇ ಕಲ್ಲಲ್ಲೇ ತೂಗಿದ್ಯಾ ನಮ್ಗೆ?” ಎಂದು ಪೇಟ ಸುತ್ತಿದ ಯಜಮಾನನೊಬ್ಬ ಕೂಗಿದ.

“ನನ್ ಕಲ್ಲು ಸುಳ್ ಹೇಳಲ್ಲಪ್ಪ. ಮಂಜಣ್ಣನ ಮಿಷಿನ್ ಮ್ಯಾಲೆ ಇಟ್ಟು ನೋಡಾಣ ಬರ್ರಿ,” ಎಂದಳು ಅಜ್ಜಿ. ಅವಳ ದನಿಯಲ್ಲಿ ಭಯವೇ ಇರಲಿಲ್ಲ. ಭಯವೆಲ್ಲ ನನ್ನ ಪಾಲಿಗೆ ಬಂದಿತ್ತು.

ಒಪ್ಪಿಕೊಳ್ಳುವ ಸಮಯ ಅದೇ ಆಗಿತ್ತು. ಆದರೆ ನನ್ನ ತಲೆಗೆ ಇನ್ನೊಂದು ಉಪಾಯ ಹೊಳೆಯಿತು. ನನ್ನ ಜೀವನದಲ್ಲಿ ಉಪಾಯಗಳು ಹೊಳೆಯುವುದೇ ಇಂಥ ಸಮಯದಲ್ಲಿ. “ನಾನೇ ತರ್ತೀನಿ ಅಜ್ಜಿ, ನೀನು ನಡಿ,” ಎಂದು ಮೂಟೆಯ ಹಿಂದೆ ಬಗ್ಗಿ, ಮಸಿ ಕಲ್ಲನ್ನು ಚೀಲಕ್ಕೆ ಹಾಕಿ, ಅಜ್ಜಿಯ ಅಸಲಿ ಕಲ್ಲನ್ನು ತೆಗೆದುಕೊಂಡು ಹೋದೆ. ಈಗ ಸರಿಯಾಗಿ ಒಂದು ಕೆಜಿ ತೋರಿಸುತ್ತದೆ, ನಾನೇ ತೂಗಲು ಬರದವನು ಎಂದು ಜನ ನಕ್ಕು ಹೋಗುತ್ತಾರೆ, ಎಲ್ಲರ ಮಾನ ಉಳಿಯುತ್ತದೆ!

ಮಂಜಣ್ಣ ಕಲ್ಲನ್ನು ಇಟ್ಟ. ಅಂಕಿಗಳು ಓಡಿ ನಿಂತವು.

“ಒಂಬೈನೂರಾ ಇಪ್ಪತ್ತು.”

ಜೇಬಿನಲ್ಲಿದ್ದ ಚೂರು ನನ್ನ ಎದೆಯನ್ನು ಒತ್ತಿತು. ನಾನು ಅದನ್ನು ಮರೆತೇಬಿಟ್ಟಿದ್ದೆ. ಸಂತೆಯಲ್ಲಿ ಗುಜುಗುಜು ಎದ್ದಿತು. ಎಂಬತ್ತು ಗ್ರಾಂ ಕಡಿಮೆ! ಹಾಗಾದರೆ ಅಜ್ಜಿ ಯಾವಾಗಲೂ ಹೀಗೇ ತೂಗಿದ್ದಾಳೆ! ಅವಳ ಅತ್ತೆಯೂ ಹೀಗೇ ತೂಗಿದ್ದಾಳೆ! ನನ್ನ ಉಪಾಯದಿಂದ ಈಗ ಒಂದು ತಲೆಮಾರಲ್ಲ, ಎರಡು ತಲೆಮಾರಿನ ಹೆಸರು ಹೋಯಿತು.

ಅಜ್ಜಿ ಕಲ್ಲನ್ನು ಕೈಗೆ ತೆಗೆದುಕೊಂಡಳು. ಹೆಬ್ಬೆರಳನ್ನು ಸುತ್ತಲೂ ಆಡಿಸುತ್ತಾ ಬಂದು ಮುರಿದ ಮೂಲೆಯ ಹತ್ತಿರ ನಿಲ್ಲಿಸಿದಳು. “ನನ್ ಕಲ್ಲಿಗೆ ಏಟು ಬಿದ್ದೈತೆ,” ಎಂದಳು, ಅಷ್ಟೇ. ಯಾರೂ ಕೇಳಿಸಿಕೊಳ್ಳಲಿಲ್ಲ. ಅವಳು ಕಲ್ಲನ್ನು ಮತ್ತೆ ಮಂಜಣ್ಣನ ತಕ್ಕಡಿಯ ಮೇಲೇ ಇಟ್ಟು, ಹೋಗಿ ಮೂಟೆಯ ಬಾಯಿಗೆ ಹಗ್ಗ ಸುತ್ತತೊಡಗಿದಳು. “ಮುಂದಿನ್ ಸಂತೆಗೆ ನಾನು ಬರಲ್ಲ ಬಿಡ್ರಪ್ಪ.”

ನನಗೆ ಎಂದೂ ಇಲ್ಲದಷ್ಟು ನಾಚಿಕೆಯಾಯಿತು. ಆ ಮುದುಕಿ ನನ್ನನ್ನು ಬಿಟ್ಟು ಯಾರನ್ನು ನಂಬಲಿ ಎಂದಿದ್ದಳು. ನಾನು ಕೈ ಎತ್ತಿದೆ. ಕ್ಲಾಸಿನಲ್ಲಿ ಹುಡುಗರು ಎತ್ತುವ ಹಾಗೆ!

“ಕಲ್ಲು ಬದಲಾಯಿಸಿದ್ದು ನಾನು. ಒಡೆದದ್ದೂ ನಾನು,” ಎಂದೆ. ಜೇಬಿನಿಂದ ಚೂರು ತೆಗೆದು ಮಂಜಣ್ಣನ ತಕ್ಕಡಿಯ ಮೇಲೆ ಕಲ್ಲಿನ ಪಕ್ಕಕ್ಕಿಟ್ಟೆ.

ಅಂಕಿಗಳು ಮತ್ತೆ ಓಡಿದವು. ಒಂದು ಸಾವಿರ. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮೆಯಿಲ್ಲ.

ಸಂತೆಯೇ ಒಮ್ಮೆ ಉಸಿರು ಬಿಟ್ಟಿತು. ಪೇಟದ ಯಜಮಾನ ಅಜ್ಜಿಗೆ ಕೈಮುಗಿದ. ಮಂಜಣ್ಣ ಚೂರನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದ: “ಅಲ್ಲ ಮೇಷ್ಟ್ರೇ, ಇದಕ್ಕಾ ಇಷ್ಟೆಲ್ಲ ಮಾಡಿದ್ದು? ಇದು ಮ್ಯಾಂಗನೀಸ್ ಕಲ್ಲಲ್ವಾ? ನನ್ ತಮ್ಮ ಹೊಸದುರ್ಗದ ಕಡೆ ಲಾರಿ ಹೊಡೀತಾನೆ. ಹೇಳಿದ್ರೆ ಒಂದ್ ಚೀಲ ತಂದ್ ಹಾಕ್ತಿದ್ದ.”

“ಹೌಸ್‌ಮನ್ನೈಟ್...” ಎಂದು ಶುರುಮಾಡಿದೆ.

“ಸಾಕು, ಬಾಯ್ ಮುಚ್ರೀ,” ಎಂದಳು ಸರ್ವಮಂಗಳ.

ಅಜ್ಜಿಯ ತೀರ್ಪಿನಂತೆ ಅವತ್ತು ಎಲ್ಲರಿಗೂ ಕಡಿಮೆಯಾದ ಹಣ್ಣನ್ನು ನಾನೇ ತಲುಪಿಸಬೇಕಾಯಿತು. ಐದು ಜನ ಎದುರಿಗೇ ಇದ್ದರು. ಆರನೆಯವರ ಮನೆ ಹುಡುಕಿ ಕೊಟ್ಟೆ. ಏಳನೆಯವನು ದಾವಣಗೆರೆಯ ಬಸ್ ಹತ್ತಿದ್ದ. ಹೊರಟ ಬಸ್ಸಿನ ಹಿಂದೆ ಓಡಿ, ಕಿಟಕಿಯೊಳಗೆ ಪೊಟ್ಟಣ ತುರುಕಿ, ಕೈಮುಗಿದು ಕ್ಷಮೆ ಕೇಳಿದೆ. ಬಸ್ ಮುಂದೆ ಹೋದ ಮೇಲೆ ಅವನು ಬೇರೆ ಯಾರೋ ಎಂದು ತಿಳಿಯಿತು!

ಮುಂದಿನ ಸಂತೆಗೆ ನಾನು ಹೋಗುವುದಿಲ್ಲವೆಂದು ಹಟ ಹಿಡಿದೆ. ಸರ್ವಮಂಗಳ ಚೀಲ ಹೊರಲು ಆಳು ಬೇಕೆಂದು ಎಳೆದುಕೊಂಡೇ ಹೋದಳು. ಕರಿಬಸಜ್ಜಿಯ ಮುಂದೆ ಎಂದಿಗಿಂತ ಹೆಚ್ಚು ಜನ ಇದ್ದರು. ಅಜ್ಜಿ ನನ್ನನ್ನು ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ಆಮೇಲೆ ಒಂದು ತಟ್ಟೆಗೆ ಹಣ್ಣು, ಇನ್ನೊಂದಕ್ಕೆ ಕಲ್ಲು ಹಾಕಿ ತಕ್ಕಡಿ ಎತ್ತುವಷ್ಟರಲ್ಲಿ ಸರದಿಯಲ್ಲಿದ್ದವನೊಬ್ಬ ಎಚ್ಚರಿಸಿದ: “ಅಜ್ಜಿ, ಮೇಷ್ಟ್ರನ್ನ ಹಾಕಿಲ್ಲ ನೀನು!”

ನಾನು ಬೆಚ್ಚಿಬಿದ್ದೆ.

“ಅಯ್ಯೋ, ಹೌದಲ್ಲ! ತಡೀರಿ, ಮೇಷ್ಟ್ರನ್ನ ಹಾಕ್ತೀನಿ,” ಎಂದ ಅಜ್ಜಿ ಎಲೆಯಡಿಕೆ ಚೀಲದೊಳಗೆ ಕೈಹಾಕಿ, ಸುಣ್ಣದ ಡಬ್ಬಿ ಸರಿಸಿ, ಆ ಎಂಬತ್ತು ಗ್ರಾಮಿನ ಚೂರನ್ನು ಹುಡುಕಿ ತೆಗೆದು ಕಲ್ಲಿನ ಪಕ್ಕಕ್ಕಿಟ್ಟಳು. ಮುಳ್ಳು ನೆಟ್ಟಗಾಯಿತು. ವಾರದಲ್ಲಿ ಇಡೀ ಸಂತೆ ಅದಕ್ಕೆ ನನ್ನ ಹೆಸರಿಟ್ಟಿತ್ತು. ಹತ್ತು ಗಿರಾಕಿಗೆ ಹತ್ತು ಸಲ ಅಜ್ಜಿ ನನ್ನನ್ನು ಹಾಕಿದಳು, ಹತ್ತು ಸಲ ತೆಗೆದಳು.

ಸರ್ವಮಂಗಳಳ ಸರದಿ ಬಂತು. ಅಜ್ಜಿ ಮತ್ತೆ ಎಲೆಯಡಿಕೆ ಚೀಲ ತಡಕಾಡತೊಡಗಿದಳು. ಚೂರು ಕೈಗೆ ಸಿಗಲಿಲ್ಲ. “ಇಲ್ಲೇ ಇದ್ರಲ್ಲವ್ವ ಮೇಷ್ಟ್ರು,” ಎಂದು ಮಡಿಲೆಲ್ಲ ಕೊಡವಿದಳು. ನಾನು ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡು ಹೆಂಡತಿಯ ಹಿಂದೆಯೇ ನಿಂತಿದ್ದೆ.

ಸರ್ವಮಂಗಳ ಒಮ್ಮೆ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿ ಹೇಳಿದಳು:

“ತೂಗು ಬಿಡಜ್ಜಿ. ಮೇಷ್ಟ್ರು ಇಲ್ದಿದ್ರೂ ನಡೀತೈತೆ.”