ಗಾಳಿ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್

ಓರೆಸ್ಟ್ ಪಾವ್ಲಿಕ್‌ನ ಮನೆಗೆ ಊಟಕ್ಕೆ ಬರಲು ಡೆಲ್ಫಿನ್ ಒಂದೇ ಒಂದು ಷರತ್ತು ಹಾಕಿದ್ದಳು: ಮೈಮೇಲೆ ಕೋಟು ಇರಬಾರದು.

"ಕೈಗವಸು ಹಾಕ್ಕೊಂಡು ಸೂಪ್ ಕುಡಿಯೋದು ನನ್ನ ಕೈಲಾಗಲ್ಲ ಕಣ್ರೀ. ಹೋದ ಸಲ ಚಮಚ ಜಾರಿ ನಿಮ್ಮ ಬೆಕ್ಕಿನ ತಲೆ ಮೇಲೆ ಬಿತ್ತು. ನಿಮ್ಮನೆ ಬೆಚ್ಚಗಾದ ದಿನ ಹೇಳಿ, ಬರ್ತೀನಿ."

ಅವಳು ಪಕ್ಕದ ಹದಿನಾಲ್ಕನೇ ನಂಬರಿನವಳು, ಇವನು ಹನ್ನೆರಡು. ವಿನಿಪೆಗ್ ಊರಿನ ಉತ್ತರಕ್ಕೆ, ಸರ್ಕಾರಿ ವಸತಿಯ ಆ ಸಾಲಿನಲ್ಲಿ ಆರು ಮನೆಗಳು ಒಂದರ ಹೆಗಲಿಗೊಂದು ಆತುಕೊಂಡು ನಿಂತಿದ್ದವು. ಹೊರಗೋಡೆಯ ಹಲಗೆಗಳ ಬಣ್ಣ ಹೋಗಿ ಯಾವ ಕಾಲವಾಗಿತ್ತೋ. ಕಿಟಕಿ ಮುಚ್ಚಿದ್ದರೂ ಪರದೆ ಕುಣಿಯುತ್ತಿತ್ತು. ಅರವತ್ತೆಂಟರ ನಿವೃತ್ತ ಬಸ್ ಡ್ರೈವರ್ ಓರೆಸ್ಟ್ ಮೂರು ವರ್ಷದಿಂದ ಡೆಲ್ಫಿನ್‌ಳನ್ನು ಮನಸಾರೆ ಮೆಚ್ಚಿದ್ದ. ಅದನ್ನು ಹೇಳೋಣವೆಂದು ಬಾಯಿ ತೆರೆದಾಗಲೆಲ್ಲ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು.

ಹೀಗಿರುವಾಗ ಅಕ್ಟೋಬರಿನ ಒಂದು ಗುರುವಾರ ಬೆಳಿಗ್ಗೆ, ಫ್ರಿಜ್ಜಿನ ಬಾಗಿಲಲ್ಲಿ ಎರಡು ವಾರದಿಂದ ತೂಗುತ್ತಿದ್ದ ವಸತಿ ಕಚೇರಿಯ ಕಾಗದವನ್ನು ಅವನು ಕೊನೆಗೂ ಓದಿದ. ಅವತ್ತೇ ಮಧ್ಯಾಹ್ನ ಎರಡಕ್ಕೆ ಬಂದು ಮನೆಯ ಗಾಳಿ ಸೋರಿಕೆಯನ್ನು ಅಳೆಯುತ್ತಾರಂತೆ. ಹೊಸ ಕಿಟಕಿ, ಗೋಡೆಗೆ ಹೊಸ ಹೊದಿಕೆ ಕೊಡುವ ತೀರ್ಮಾನ ಆ ಅಳತೆಯ ಮೇಲಂತೆ.

ಓರೆಸ್ಟ್ ಆ ಕಾಗದವನ್ನು ಇಪ್ಪತ್ತನೇ ನಂಬರಿನ ಗಾರ್ನೆಟ್‌ಗೆ ತೋರಿಸಿದ. ತಪ್ಪಾದದ್ದು ಅಲ್ಲೇ. ಗಾರ್ನೆಟ್ ಯಾವುದೋ ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕಸ ಗುಡಿಸಿದ್ದರಿಂದ, ಸರ್ಕಾರದ ಒಳಮರ್ಮವೆಲ್ಲ ತನಗೆ ಗೊತ್ತೆಂದು ನಂಬಿದ್ದವನು.

"ಇದು ಪರೀಕ್ಷೆ ಕಣೋ. ಪರೀಕ್ಷೆ ಅಂದ್ಮೇಲೆ ಪಾಸಾಗ್ಬೇಕು! ಸೋರೋ ಮನೆಗೆ ಯಾವ ಸರ್ಕಾರ ದುಡ್ಡು ಸುರಿಯುತ್ತೆ? ಇನ್ನೊಂದ್ ಮಾತು ಕೇಳು. ಅವರು ಅಳೆಯೋದು ಮೊದಲನೇ ಮನೆ ಒಂದನ್ನೇ. ಮಿಕ್ಕ ಐದಕ್ಕೂ ಅದನ್ನೇ ಬರ್ಕೊಂಡು ಕಾಫಿ ಕುಡಿಯೋಕೆ ಹೋಗ್ತಾರೆ. ನಾನು ನೋಡಿದೀನಿ. ಇಡೀ ಸಾಲಿನ ಮಾನ ನಿನ್ನ ಕೈಲಿದೆ."

ಮೊದಲನೇ ಮನೆ ಅಂದರೆ ಹನ್ನೆರಡನೇ ನಂಬರು. ಓರೆಸ್ಟ್ ಅಲ್ಲಿಂದಲೇ ಸಾಲಿನ ಬಾಗಿಲುಗಳನ್ನೆಲ್ಲ ತಟ್ಟುತ್ತ ಬಂದ.

ಗಂಟೆ ಹನ್ನೊಂದಾಗುವಷ್ಟರಲ್ಲಿ ಇಡೀ ಸಾಲು ಅವನ ಮನೆಯಲ್ಲಿತ್ತು. ಚಳಿಗಾಲಕ್ಕೆ ಮುಂಚೆ ಕಿಟಕಿಗೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕೂದಲು ಒಣಗಿಸುವ ಡ್ರೈಯರಿನಿಂದ ಬಿಸಿಗಾಳಿ ಊದಿ ಬಿಗಿ ಮಾಡುವುದು ಆ ಊರಿನ ಬಡವರಿಗೆಲ್ಲ ಕರತಲಾಮಲಕ. ಆದರೆ ಅವತ್ತು ಒಂದು ಪದರದ ಜಾಗದಲ್ಲಿ ಮೂರು ಪದರ ಬಿತ್ತು. ತಂತಮ್ಮ ಕಿಟಕಿಗೆ ಆಗಲೇ ಅಂಟಿಸಿದ್ದನ್ನೂ ಕಿತ್ತು ತಂದರು. ಹದಿನಾರನೇ ನಂಬರಿನ ಕೊರಾಸೊನ್ ಮಕ್ಕಳ ರಜಾಯಿಗಳನ್ನು ಹೊತ್ತು ತಂದಳು.

"ಕುಯಾ ಓರೆಸ್ಟ್, ಇಲ್ಲೊಂದು ಸಂದಿ ಇದೆ! ಟೇಪ್ ಮುಗೀತು, ಏನ್ ತುಂಬಲಿ?" ಎಂದು ಕೊರಾಸೊನ್ ಅಡುಗೆಮನೆಯಿಂದ ಕೂಗಿದಳು. ಹಿರಿಯ ಗಂಡಸರೆಲ್ಲ ಅವಳ ಬಾಯಲ್ಲಿ ಕುಯಾ, ಅಂದರೆ ಅಣ್ಣ.

"ಅಲ್ಲಿ ಪೆರೋಗಿ ಕಡುಬಿಗೆ ಕಲಸಿದ ಹಿಟ್ಟಿದೆಯಲ್ಲ, ಅದನ್ನೇ ತುಂಬು!"

ಡೆಲ್ಫಿನ್ ತನ್ನ ಡ್ರೈಯರ್ ಹಿಡಿದು ಕೋಣೆಯಿಂದ ಕೋಣೆಗೆ ಓಡಾಡಿದಳು. ಓಡಾಡಿ ಬೆವತು, ಕೋಟಿನ ಮೇಲಿನ ಗುಂಡಿಯೊಂದನ್ನು ಬಿಚ್ಚಿದಳು. ಓರೆಸ್ಟ್ ಅದನ್ನು ನೋಡಿ ಸ್ಟೂಲಿನಿಂದ ಬೀಳುವುದರಲ್ಲಿದ್ದ.

ಎರಡಕ್ಕೆ ಸರಿಯಾಗಿ ಇವೆಟ್ ಎಂಬ ಇನ್‌ಸ್ಪೆಕ್ಟರ್ ಹುಡುಗಿ ಬಂದಳು. ಮುಂಬಾಗಿಲಿಗೆ ಕೆಂಪು ಬಟ್ಟೆ ಬಿಗಿದು, ನಡುವೆ ದೊಡ್ಡ ಫ್ಯಾನ್ ಕೂರಿಸಿ ಗುಂಡಿ ಒತ್ತಿದಳು. ಅದು ಮನೆಯೊಳಗಿನ ಗಾಳಿಯನ್ನೆಲ್ಲ ಹೊರಕ್ಕೆ ಎಳೆಯತೊಡಗಿತು. ಕಿಟಕಿಯ ಪ್ಲಾಸ್ಟಿಕ್ ಹಾಳೆಗಳು ಎಣ್ಣೆಗೆ ಬಿಟ್ಟ ಪೂರಿಯಂತೆ ಒಳಕ್ಕೆ ಉಬ್ಬಿದವು. ಅಡುಗೆಮನೆಯ ಸಂದಿಯಿಂದ ಹಿಟ್ಟಿನ ಉಂಡೆಯೊಂದು ಸಿಡಿದು ಬೆಕ್ಕಿಗೆ ಬಡಿಯಿತು. ಈ ಮನೆಯ ಸೂಪಿಗೂ ಹಿಟ್ಟಿಗೂ ತನ್ನ ಮೇಲೇಕೆ ಇಷ್ಟು ದ್ವೇಷವೆಂದು ಅದು ಮಂಚದಡಿ ಸೇರಿತು. ಓರೆಸ್ಟ್ ಆ ಸಂದಿಗೆ ತನ್ನ ಹೆಬ್ಬೆರಳು ತುರುಕಿ ನಿಂತ. ಹಿಂಬಾಗಿಲ ರಜಾಯಿ ಜಾರುತ್ತಿದ್ದುದನ್ನು ಕಂಡು ಗಾರ್ನೆಟ್ ಬೆನ್ನು ಕೊಟ್ಟು ಒತ್ತಿ ಹಿಡಿದ.

"ಅವರ್ಯಾಕೆ ಹಾಗೆ ನಿಂತಿದಾರೆ?" ಎಂದಳು ಇವೆಟ್.

"ಸೊಂಟ ಹಿಡ್ಕೊಂಡಿದೆ ಮೇಡಂ," ಎಂದ ಗಾರ್ನೆಟ್, ಮುಖ ಕೆಂಪೇರಿಸಿಕೊಂಡು.

ಇವೆಟ್ ಯಂತ್ರದ ಅಂಕಿಯನ್ನು ಎರಡೆರಡು ಸಲ ನೋಡಿದಳು. "ಐವತ್ತು ವರ್ಷದ ಹಳೇ ಮನೆ ಇಷ್ಟು ಬಿಗಿಯಾಗಿರೋದನ್ನ ನಾನು ನೋಡೇ ಇಲ್ಲ! ಫಸ್ಟ್ ಕ್ಲಾಸ್!"

ಹೋ ಎಂದು ಎಲ್ಲರೂ ಕೂಗಿದರು. ಗಾರ್ನೆಟ್ ಸೊಂಟ ಹಿಡಿದಿರುವುದನ್ನು ಮರೆತು ಕುಣಿದ. ಜೀವಮಾನದಲ್ಲಿ ಯಾವ ಪರೀಕ್ಷೆಯಲ್ಲೂ ಮೊದಲು ಬಾರದ ಓರೆಸ್ಟ್ ಅದೇ ಧೈರ್ಯದಲ್ಲಿ ಹೇಳಿಬಿಟ್ಟ: "ಡೆಲ್ಫಿನ್, ಹೊಸ ಕಿಟಕಿ ಬಂದ ಮೊದಲ ಭಾನುವಾರ ಊಟಕ್ಕೆ ಬನ್ನಿ. ಕೋಟು ಮನೇಲೇ ಬಿಟ್ಟು ಬನ್ನಿ."

ಡೆಲ್ಫಿನ್ ನಕ್ಕಳು. ಅಷ್ಟರಲ್ಲಿ ಇವೆಟ್ ಫ್ಯಾನನ್ನು ಎತ್ತಿಕೊಂಡು ಹದಿನಾಲ್ಕನೇ ನಂಬರಿನತ್ತ ನಡೆದಳು.

"ಅಲ್ಲಿಗ್ಯಾಕೆ ಮೇಡಂ?" ಎಂದ ಗಾರ್ನೆಟ್.

"ಆರೂ ಮನೆ ಅಳೀಬೇಕಲ್ಲ."

ಗಾರ್ನೆಟ್ ತನ್ನ ಬೂಟುಗಳನ್ನು ಆಸಕ್ತಿಯಿಂದ ನೋಡತೊಡಗಿದ. ಐದು ಮನೆಯ ಪ್ಲಾಸ್ಟಿಕ್, ರಜಾಯಿ, ಟೇಪು ಎಲ್ಲ ಹನ್ನೆರಡನೇ ನಂಬರಿನಲ್ಲಿದ್ದವು.

ಸಂಜೆ ನಾಲ್ಕೂವರೆಗೆ ಇವೆಟ್ ಮತ್ತೆ ಬಂದು ಓರೆಸ್ಟ್‌ನ ಕೈ ಕುಲುಕಿದಳು. "ಆ ಐದೂ ಮನೆ ಜರಡಿ ಇದ್ದ ಹಾಗಿವೆ. ಸೋಮವಾರದಿಂದ್ಲೇ ಹೊಸ ಕಿಟಕಿ, ಹೊಸ ಗೋಡೆ ಹೊದಿಕೆ, ಬಣ್ಣ. ಹೆಚ್ಚು ಸೋರೋ ಮನೆಗೇ ಮೊದಲು, ಅದೇ ನಿಯಮ. ನಿಮ್ಮನೆಗೆ ಏನೂ ಬೇಕಾಗಿಲ್ಲ!"

ಓರೆಸ್ಟ್ ಕಿಟಕಿಯತ್ತ ಓಡಿದ. "ಬೇಕಾಗಿಲ್ವಾ? ನೋಡಿ ಇಲ್ಲಿ!" ಎಂದವನೇ ಪ್ಲಾಸ್ಟಿಕ್ಕನ್ನು ಪರಪರ ಹರಿದ. ರಜಾಯಿಗಳನ್ನು ಎಳೆದು ಬಿಸಾಡಿದ. ಗಾಳಿ ಭರ್ರೆಂದು ನುಗ್ಗಿ ಪರದೆ ಕುಣಿಯಿತು. "ಈಗ ಅಳೀರಿ ಮೇಡಂ!"

"ಅಯ್ಯೋ, ಅಂಕಿ ಆಗ್ಲೇ ಕಚೇರಿಗೆ ಹೋಯ್ತಲ್ಲ. ಇನ್ನು ಅಳತೆ ಐದು ವರ್ಷ ಬಿಟ್ಟು," ಎಂದಳು ಅವಳು, ನಿಜವಾಗಿಯೂ ಮರುಗಿ. "ಇನ್ನೊಂದು ವಿಷಯ. ಆರು ವಾರ ಅವರ ಗೋಡೆಗಳನ್ನೆಲ್ಲ ಬಿಚ್ಚಿರ್ತಾರೆ. ಹಗಲು ಹೊತ್ತು ಬೆಚ್ಚಗೆ ಕೂತಿರೋಕೆ ಎಲ್ಲಿಗೆ ಹೋಗ್ತೀರಿ ಅಂತ ಕೇಳ್ದೆ. ಐದೂ ಮನೆಯವರು ನಿಮ್ಮನೆ ನಂಬರೇ ಬರೆಸಿದಾರೆ. ಎಂಥಾ ನೆರೆಹೊರೆ ರೀ ನಿಮ್ಮದು!"

ಅವಳು ಹೋದಮೇಲೆ ಓರೆಸ್ಟ್ ಹರಿದ ಪ್ಲಾಸ್ಟಿಕ್ಕಿನ ರಾಶಿಯ ಮೇಲೆ ಕುಸಿದು ಕೂತ. ಹಿಂದೆಯೇ ಡೆಲ್ಫಿನ್ ಸೂಪಿನ ಪಾತ್ರೆ ಹಿಡಿದು ಬಂದಳು.

"ಫಸ್ಟ್ ಕ್ಲಾಸ್ ಮನೆಗೆ ಇನ್ನೆಂಥಾ ಕಿಟಕಿ? ಭಾನುವಾರದವರೆಗೂ ಯಾಕೆ ಕಾಯೋದು ಅಂದ್ಕೊಂಡೆ," ಎನ್ನುತ್ತ ಪಾತ್ರೆ ಇಳಿಸಿ, ಕೋಟಿನ ಗುಂಡಿ ಬಿಚ್ಚತೊಡಗಿದಳು. ಒಂದು. ಎರಡು. ಮೂರು. ಕಿಟಕಿಯಿಂದ ಬೀಸಿದ ಗಾಳಿಗೆ ಮೇಜಿನ ಮೇಲಿದ್ದ ಕಾಗದ ಹಾರಿತು. ಡೆಲ್ಫಿನ್ ಸುತ್ತ ನೋಡಿದಳು. ಮೂರು, ಎರಡು, ಒಂದು ಎಂದು ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡಳು. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ತನ್ನ ಡ್ರೈಯರನ್ನು ಕೈಗೆತ್ತಿಕೊಂಡಳು.

"ಸ್ಟೂಲ್ ಹತ್ತಿ, ನಾನು ಹಿಡ್ಕೋತೀನಿ."

ಓರೆಸ್ಟ್ ಹತ್ತಿದ. ಮೇಲಿನಿಂದ ಅವಳ ಮುಖ ನೋಡಿ ಬಾಯಿ ತೆರೆದ. "ಡೆಲ್ಫಿನ್, ನನಗೆ ನೀವಂದ್ರೆ..." ಹಲ್ಲು ಕಟಕಟ ಎಂದಿತು.

"ಮೂರು ವರ್ಷದಿಂದ ಗೊತ್ತು," ಎಂದಳು ಡೆಲ್ಫಿನ್. "ಮೊದಲು ಟೇಪ್ ಹಚ್ಚಿ."