ಎರಡು ಟೈರು, ನಾಲ್ಕು ಬಾಟಲಿ, ಒಬ್ಬ ನಾನು

ಇದರಲ್ಲಿಯ ಮೊದಲ ಪ್ರಸಂಗವನ್ನು ನನಗೆ ಹೇಳಿದವರು ಬೀದರಿನ ಅಂಚಿನ ನೌಬಾದದ ಚಹಾದಂಗಡಿಯ ಯಜಮಾನರು. ಅದು ನನ್ನದೇ ಕಥೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾನು ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಧೋತರ ಉಟ್ಟು ಅವರ ಬಾಕಿನ ಮೇಲೆ ಕೂತಿದ್ದೆ.

"ಒಬ್ಬಾಂವ ಇದ್ದಾನ್ರಿ," ಎಂದು ಅವರು ಶುರು ಮಾಡಿದರು. "ಐತಾರ ಬಂತಂದ್ರ ನಾಕು ಬಾಟ್ಲಿ ನೀರು ಕಟಗೊಂಡು ಸೈಕಲ್ ಮ್ಯಾಲ ಔರಾದ ತನಕ ಹೋಗ್ತಾನ. ಹೊಟ್ಟಿ ಅಷ್ಟು ಕೆಟ್ಟದಂತ, ಪಾಪ. ಬೀದರದಾಗ ಖಾಲಿ ಜಾಗಾ ಎಲ್ಲಿ ಉಳದಾವ ಹೇಳ್ರಿ?"

ನಾನು ಚಹಾ ಕುಡಿದು, ರೊಕ್ಕ ಕೊಟ್ಟು ಎದ್ದು ಬಂದೆ. ಇಂಥವು ನನಗೆ ಆಗುತ್ತಲೇ ಇರುತ್ತವೆ.

ಸೈಕಲ್ಲಿನ ಸಂಗತಿ ಮೊದಲು ಹೇಳಬೇಕು. ನಾನು ಬೀದರಿನ ಪಕ್ಕದ ಕೊಳಾರದ ಒಂದು ಗೋದಾಮಿನಲ್ಲಿ ಸ್ಟೋರು ನೋಡಿಕೊಳ್ಳುವವನು. ಓದಿದ್ದು ಹಳ್ಳಿಯ ಸಾಲಿಯಲ್ಲಿ, ಈಜು ಕಲಿತದ್ದು ಹಳ್ಳಿಯ ಬಾವಿಯಲ್ಲಿ. ಸಂಗಡ ಕೆಲಸ ಮಾಡುತ್ತಿದ್ದ ಗೆಳೆಯರೊಬ್ಬರು ನನಗೆ ಟ್ರಯಥ್ಲಾನಿನ ಹುಚ್ಚು ಹಿಡಿಸಿದರು. ಈಜು, ಸೈಕಲ್ಲು, ಓಟ, ಮೂರೂ ಒಂದರ ಹಿಂದೊಂದು. ಹೈದರಾಬಾದಿನಿಂದ ಎರಡು ಹಳೆಯ ಸೈಕಲ್ಲು ತಂದೆವು. ಹತ್ತಿ ಕೂತರೆ ಎದೆ ಹ್ಯಾಂಡಲ್ಲಿಗೆ ತಾಗುವಷ್ಟು ಬಗ್ಗಬೇಕು. ಟೈರು ಹೆಬ್ಬೆರಳಿನಷ್ಟು ಸಪೂರ. ಹರಿದರೆ ಬೀದರಿನಿಂದ ಔರಾದಿನವರೆಗೆ ಯಾವ ಅಂಗಡಿಯಲ್ಲೂ ಅಂಥದು ಸಿಗುವುದಿಲ್ಲ. ಹೀಗಾಗಿ ಪ್ರತಿ ಭಾನುವಾರ ಹೊರಡುವಾಗ ಭಾರ ಹಂಚಿಕೊಳ್ಳುತ್ತಿದ್ದೆವು. ಮಡಚಿದ ಎರಡು ಟೈರು, ಪಂಪು ಅವರ ಸೀಟಿನ ಹಿಂದೆ. ಇಬ್ಬರ ನೀರು ನನ್ನ ಸೀಟಿನ ಹಿಂದೆ.

ಹೋದ ವರ್ಷ ಅವರಿಗೆ ನಾಗಪುರಕ್ಕೆ ವರ್ಗ ಆಯಿತು. ಹೋಗುವಾಗ ಟೈರುಗಳನ್ನು ನನ್ನ ಕೈಗಿಟ್ಟರು. ಅವರ ಫೋನು ಮೊದಲು ದಿನಾ ಬರುತ್ತಿತ್ತು, ಆಮೇಲೆ ವಾರಕ್ಕೊಮ್ಮೆ, ಈಗ ಹಬ್ಬಕ್ಕೆ ಬರುತ್ತದೆ. ಬಾಟಲಿಗಳನ್ನು ಎರಡಕ್ಕೆ ಇಳಿಸಬಹುದಿತ್ತು. ನಾನು ಇಳಿಸಲಿಲ್ಲ. ದಾರಿಯಲ್ಲಿ ಯಾರಾದರೂ ಜೋಡಿ ಸಿಕ್ಕರೆ ಅವರಿಗೂ ಬೇಕಾದೀತು. ಪಕ್ಕದಲ್ಲಿ ಇನ್ನೊಂದು ಸೈಕಲ್ಲು ಓಡಬೇಕು, ನನಗೆ ಬೇಕಾದದ್ದು ಇಷ್ಟೇ.

ನಿಂಬೆಹಣ್ಣು ಹಿಂಡಿ ಬಾಟಲಿ ತುಂಬುವಾಗ ಮನೆಯಾಕೆ ಅನ್ನುತ್ತಾಳೆ: "ಶಿವನ ಪೂಜಿಗಿ ಒಂದು ತಂಬಗಿ ನೀರು, ನಿಮ್ಮ ಸೈಕಲ್ಲಿಗಿ ನಾಕು ಬಾಟ್ಲಿ. ದೇವ್ರು ಯಾರಂತ ನೀವ ಹೇಳ್ರಿ."

ಡಾಬಕಾದ ಆಯಿ

ಚಹಾದಂಗಡಿಯವರು ಹೇಳಿದ ಕಥೆ ಹುಟ್ಟಿದ್ದು ಔರಾದಿನ ಆಚೆ, ಡಾಬಕಾದ ಹಾದಿಯಲ್ಲಿ. ಅಂದು ಬಿಸಿಲೇರಿತ್ತು. ಒಂದು ಬೇವಿನ ಗಿಡದ ಕೆಳಗೆ ಸೈಕಲ್ಲು ಆನಿಸಿ, ನಾನು ಹೊಟ್ಟೆ ಹಿಡಿದುಕೊಂಡು ದಣಿವಾರಿಸಿಕೊಳ್ಳುತ್ತಿದ್ದೆ. ಹೊಲದಿಂದ ಒಬ್ಬ ಮುದುಕಿ ಬಂದಳು. ನನ್ನ ಮುಖ ನೋಡಿದಳು, ಬಾಟಲಿ ಎಣಿಸಿದಳು.

"ಯಾಕೋ ತಮ್ಮಾ, ರಾತ್ರಿಯಿಂದನ ಏನು?"

"ಇಲ್ಲ ಆಯಿ, ನಸುಕಿನಿಂದ," ಎಂದೆ. ಸೈಕಲ್ಲು ಯಾವಾಗಿನಿಂದ ತುಳಿಯುತ್ತಿದ್ದೀ ಎಂದು ಕೇಳುತ್ತಿದ್ದಾಳೆ ಎಂದುಕೊಂಡಿದ್ದೆ.

"ನಸುಕಿನಿಂದ ನಾಕು ಬಾಟ್ಲಿ!" ಎಂದು ಎದೆ ಮುಟ್ಟಿಕೊಂಡಳು. ಗುಡಿಸಲಿಗೆ ಕರೆದುಕೊಂಡು ಹೋಗಿ, ಒಂದು ಚಿಟಿಕೆ ಮೆಂತ್ಯ ಬಾಯಿಗೆ ಹಾಕಿ, ಮೇಲೆ ಮಜ್ಜಿಗೆ ಕುಡಿಸಿದಳು. ಮೆತ್ತಗೆ ಕಲಸಿದ ಅನ್ನ ಇಟ್ಟಳು. ಅಷ್ಟರಲ್ಲಿ ನನಗೆ ವಿಷಯ ತಿಳಿದಿತ್ತು. ಆದರೂ ಅನ್ನಕ್ಕೆ ಕೈ ಹಾಕಿದೆ. ಮುಂಜಾನೆಯಿಂದ ಅಷ್ಟು ದೂರ ಬಂದಿದ್ದೆ, ಯಾರೂ ಮಾತಾಡಿಸಿರಲಿಲ್ಲ. ಒಬ್ಬರು ಎದುರು ಕೂತು "ಇನ್ನೊಂದು ತುತ್ತು ತಿನ್ನೋ" ಅನ್ನುವಾಗ, ನನ್ನ ಹೊಟ್ಟೆ ನೆಟ್ಟಗಿದೆ ಎಂದು ಹೇಳುವ ಮನಸ್ಸಾಗಲಿಲ್ಲ.

ಕೈಮುಗಿದು ಸೈಕಲ್ಲು ಹತ್ತಿದೆ. ಹಿಂದಿನಿಂದ ಕೂಗಿ ಹೇಳಿದಳು: "ತಮ್ಮಾ, ತಿರುವಿನ ಆಚಿ ತೊಗರಿ ಹೊಲ ನಮ್ದ. ಅದೊಂದ ಬಿಟ್ಟು ಎಲ್ಲಿ ಬೇಕಾರ ಕೂಡು!"

ಭಾಲ್ಕಿಯ ಬಂದ್

ಗೆಳೆಯರು ಇದ್ದಾಗ ಊರ ಸುದ್ದಿ ಅವರೇ ತರುತ್ತಿದ್ದರು. ಅವರು ಹೋದ ಮೇಲೆ ಒಂದು ಭಾನುವಾರ ಬಂದ್ ಇರುವುದು ನನಗೆ ಗೊತ್ತಾಗಲಿಲ್ಲ. ಭಾಲ್ಕಿ ಸಮೀಪಿಸಿದರೂ ರಸ್ತೆ ಖಾಲಿ. ಶಿವ ನನಗಾಗಿಯೇ ಹಾದಿ ಬಿಡಿಸಿದ್ದಾನೆ ಎಂದು ಖುಷಿಯಲ್ಲಿ ಹೊರಟಿದ್ದೆ. ಒಬ್ಬ ಪೊಲೀಸು ಲಾಠಿ ಅಡ್ಡ ಹಿಡಿದ.

"ಟೈರ್ ಎಲ್ಲಿ ಸುಡಾಂವ?"

"ಸುಡಾಕಲ್ರಿ ಸಾಹೇಬ್ರ. ಹರದ್ರ ಹಾಕ್ಲಾಕ್ರಿ."

"ಬಾಟ್ಲ್ಯಾಗ ಪೆಟ್ರೋಲ್ ಅದನ?"

"ನಿಂಬಿ ಹಣ್ಣಿನ ನೀರ್ರಿ."

"ಕುಡದು ತೋರ್ಸು."

ಕುಡಿದೆ. ಎರಡನೆಯದನ್ನು ತೋರಿಸಿದ. ಅದನ್ನೂ ಕುಡಿದೆ. "ಒಂದರಾಗ ನೀರು ಇತ್ತಂದ್ರ ಎಲ್ಲಾದರಾಗೂ ನೀರ ಅಂತ ನಾ ಹ್ಯಾಂಗ ನಂಬ್ಲಿ?" ಎಂದ. ನಾಲ್ಕನೆಯ ಬಾಟಲಿ ಮುಗಿಯುವ ಹೊತ್ತಿಗೆ ನನಗೆ ನಿಲ್ಲುವುದೂ ಕಷ್ಟ, ಬಗ್ಗುವುದಂತೂ ಆಗದ ಮಾತು.

"ಉಳದವರು ಎಲ್ಲಿದ್ದಾರ?"

"ಯಾರೂ ಇಲ್ರಿ. ನಾನೊಬ್ಬನ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹಣೆಯ ವಿಭೂತಿ ಬೆವರಿಗೆ ಕರಗಿ ಗಡ್ಡದವರೆಗೆ ಇಳಿದಿತ್ತು. ಅದನ್ನು ಕಂಡು ಸ್ವಲ್ಪ ಮೆತ್ತಗಾಗಿ, ಟೈರು ಬಿಚ್ಚಿಸಿ ಎರಡು ಬೆರಳಲ್ಲಿ ಎತ್ತಿ ತೂಗಿದ.

"ಹೋಗ್ರಿ ಹೋಗ್ರಿ," ಎಂದ. "ಎರಡೂ ಕೂಡೇ ಸುಟ್ರೂ ಒಂದು ಕಪ್ ಚಹಾ ಕುದಿಯಂಗಿಲ್ಲ."

ಜೋಡಿ

ಇದು ಮೊನ್ನೆಯದು. ಭಾಲ್ಕಿ ರಸ್ತೆಯಲ್ಲಿ ಬೆಳಕು ಹರಿಯುತ್ತಿತ್ತು. ಬಹಳ ದೂರದಲ್ಲಿ, ಏರಿನ ಮೇಲೆ, ಒಬ್ಬರು ಸೈಕಲ್ಲಿನ ಮೇಲೆ ಕಂಡರು. ಎದೆ ಹ್ಯಾಂಡಲ್ಲಿಗೆ ತಾಗುವಂತೆ ಬಗ್ಗಿದ್ದಾರೆ! ಸೀಟಿನ ಹಿಂದೆ ಆ ಕಡೆ ಈ ಕಡೆ ಏನೋ ಮಿಂಚುತ್ತಿದೆ. ಹೆಗಲಲ್ಲಿ ಒಂದು ಟೈರು. ನನ್ನಂಥವರೇ ಒಬ್ಬರು! ಜೋರಾಗಿ ತುಳಿದೆ. ತುಳಿಯುತ್ತಲೇ ಮಾತು ಜೋಡಿಸಿಕೊಂಡೆ: "ಶರಣ್ರಿ, ಯಾವೂರ್ರಿ ನಿಮ್ದು? ಐತಾರಕ್ಕೊಮ್ಮಿ ಬರ್ತೀರೇನ್ರಿ?" ತಪ್ಪಬಾರದೆಂದು ಎರಡು ಸಲ ಬಾಯಿಪಾಠ ಮಾಡಿದೆ.

ಅವರು ಹಿಂತಿರುಗಿ ನೋಡಿದರು. ನೋಡಿದವರೇ ಪೆಡಲ್ ಮೇಲೆ ಎದ್ದು ನಿಂತು ಓಡಿಸತೊಡಗಿದರು. ಪಂದ್ಯ ಕಟ್ಟಿದರಲ್ಲ ಎಂದು ನನಗೆ ಇನ್ನೂ ಸಂತೋಷ. ಏರು ಮುಗಿದು ಇಳಿಜಾರು ಬಂತು. ಅಲ್ಲೂ ಬಿಡಲೊಲ್ಲರು. ಕಡೆಗೆ ಒಂದು ಸೇತುವೆಯ ಹತ್ತಿರ ಹಿಡಿದೆ.

ನೋಡಿದರೆ ಹಾಲು ಹಾಕುವ ಮನುಷ್ಯ, ನನಗಿಂತ ಹಿರಿಯ. ಮಿಂಚಿದ್ದು ಹಾಲಿನ ಕ್ಯಾನು. ಟೈರು ಅವರ ಮಗನ ಗಾಡಿಯದು, ಪಂಕ್ಚರ್ ತೆಗೆಸಲು ಒಯ್ಯುತ್ತಿದ್ದದ್ದು. ಎದುರು ಗಾಳಿಗೆ ಬಗ್ಗಿದ್ದರಷ್ಟೇ.

ನನಗೆ ಉಸಿರಿಲ್ಲ, ಮಾತು ಹೊರಡಲೊಲ್ಲದು. ಅವರಿಗೂ ಏದುಸಿರು. ಪಾಪ, ಕುಡಿಯಲಿ ಎಂದು ಒಂದು ಬಾಟಲಿ ಕಿತ್ತು ಅವರ ಮುಂದೆ ಹಿಡಿದೆ. ಅವರು ಬಾಟಲಿ ನೋಡಿದರು, ನನ್ನ ತಲೆಯ ಮೇಲಿನ ಸೈಕಲ್ ಸವಾರರ ಗಟ್ಟಿ ಟೊಪ್ಪಿಗೆ ನೋಡಿದರು, ಉಳಿದ ಮೂರು ಬಾಟಲಿ ನೋಡಿದರು. ಸೈಕಲ್ಲು ಬಿಟ್ಟು ಎರಡೂ ಕೈ ಮುಗಿದರು.

"ಸಾಹೇಬ್ರ, ಸ್ಯಾಂಪಲ್ ತಗೋಬ್ಯಾಡ್ರಿ! ನಾನ ಹೇಳ್ತೀನಿ. ಮೂರು ಲೀಟರಿಗಿ ಒಂದು ಹಾಕೀನ್ರಿ. ಆದ್ರ ಕೆರಿದಲ್ರಿ, ಶರಣನ ಆಣಿ, ಬೋರಿನ ನೀರ್ರಿ, ಸ್ವಚ್ಛ ಅದ!"

ಉಸಿರು ಬಂದ ಮೇಲೆ, ಹಾಲು ತಪಾಸಣೆಯ ಸಾಹೇಬ ನಾನಲ್ಲ ಎಂದು, ನಾನು ಯಾರು, ಯಾಕೆ ಬೆನ್ನು ಹತ್ತಿದೆ ಎಂದು ಹೇಳಿದೆ. ಅವರು ಸೇತುವೆಯ ಕಟ್ಟೆ ಹಿಡಿದು ಕಣ್ಣಲ್ಲಿ ನೀರು ಬರುವತನಕ ನಕ್ಕರು. ಬಾಟಲಿ ಇಸಿದುಕೊಂಡು ಖಾಲಿ ಮಾಡಿದರು. ಆಮೇಲೆ ಇಬ್ಬರೂ ಕೂಡಿ ಹೊರಟೆವು. ಕ್ಯಾನುಗಳು ಟಣಟಣ ಅನ್ನುತ್ತಿದ್ದವು. ನಾನು ಅವರ ವೇಗಕ್ಕೆ ಇಳಿದೆ. ಅವರು ಎಮ್ಮೆಯ ಸುದ್ದಿ ಹೇಳಿದರು, ಸೊಸೆಯ ಸುದ್ದಿ ಹೇಳಿದರು. ಒಂದು ವರ್ಷದ ಮೇಲೆ ನನ್ನ ನೆರಳಿನ ಪಕ್ಕ ರಸ್ತೆಯಲ್ಲಿ ಇನ್ನೊಂದು ನೆರಳಿತ್ತು.

ಅವರ ಹಾದಿ ಕವಲೊಡೆಯುವಲ್ಲಿ ನಿಂತೆವು. ಬಾಯಿಪಾಠ ಮಾಡಿದ್ದ ಮಾತು ಆಗ ಕೇಳಿದೆ: "ಐತಾರಕ್ಕೊಮ್ಮಿ ಬರ್ತೀರೇನ್ರಿ?"

"ನಾ ದಿನಾ ಇರ್ತೀನ್ರಿ," ಎಂದರು. "ನೀವ ತಪ್ಪದ ಬರ್ರಿ. ಆ ಟೊಪ್ಪಿಗಿ, ಬಾಟ್ಲಿ ಎಲ್ಲಾ ಹಾಕ್ಕೊಂಡು ನನ್ನ ಬಾಜೂಕ ಬರ್ರಿ. ಹಾಲು ಚೆಕ್ ಆಗಿ ಬರ್ಲತ್ತದ ಅಂತ ಗಿರಾಕಿ ಮಂದಿ ತಿಳೀತಾರ!"

ಆದರೆ ಅವರು ಜೊತೆಗಿರುವುದು ಆ ಕವಲಿನವರೆಗೆ. ಮುಂದಿನ ಹಾದಿಗೆ ನಾನೊಬ್ಬನೇ. ಅದಕ್ಕೆ ಓದಿದವರಲ್ಲಿ ಒಂದು ವಿನಂತಿ. ಈ ಮಾತುಗಳನ್ನು ಮುಂದಿನವರಿಗೆ ಹೇಳಿರಿ, ಬಸ್ಸಿನಲ್ಲಿ, ಕಟ್ಟೆಯ ಮೇಲೆ, ಎಲ್ಲಿ ಬೇಕಾದರೂ. ನನ್ನ ಹೊಟ್ಟೆಯ ಸುದ್ದಿ ಕೂಡಿಸಿ ಹೇಳಿದರೂ ಬೇಸರವಿಲ್ಲ. ಭಾಲ್ಕಿ, ಔರಾದ ಕಡೆ ಇಂಥ ಸೈಕಲ್ಲು ಇರುವ ಒಬ್ಬರ ಕಿವಿಗೆ ಬಿದ್ದರೆ ಸಾಕು. ಐತವಾರ ಹೊತ್ತು ಹುಟ್ಟುವಾಗ ನಾನು ನೌಬಾದದಲ್ಲಿ ನಿಂತಿರುತ್ತೇನೆ.