ಯಂತ್ರಕ್ಕೂ ಒಂದು ಮಾತು

ನಮ್ಮ ಮನೆಯಲ್ಲಿ ಫೋನು ಯಾರಿಗೇ ಬರಲಿ, ಅದು ಎಲ್ಲರದು. ಪೂಜೆ ಮುಗಿದ ಮೇಲೆ ಪ್ರಸಾದ ಹಂಚುವ ಹಾಗೆ ಎದುರಿಗಿದ್ದವರಿಗೆಲ್ಲ ಕೊಡಲೇಬೇಕು. "ಇರಿ, ಇವರಿಗೆ ಕೊಡ್ತೀನಿ, ಒಂದ್ ಮಾತು ಮಾತಾಡಿ" ಎನ್ನದೆ ಇಟ್ಟುಬಿಟ್ಟರೆ ಅದು ಮರ್ಯಾದೆಯಲ್ಲ. ನನ್ನ ಹೆಂಡತಿ ಗಿರಿಜೆ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಒಮ್ಮೆ ಮೊಬೈಲ್ ಕಂಪನಿಯಿಂದ ಹೊಸ ಪ್ಲಾನು ಹೇಳಲು ಫೋನು ಮಾಡಿದ್ದ ಹುಡುಗಿಯ ಜೊತೆಗೂ, ಬೇಲೂರಿನಿಂದ ಬಂದಿದ್ದ ತನ್ನ ಚಿಕ್ಕಮ್ಮನನ್ನು ಮಾತಾಡಿಸಿದಳು. ಚಿಕ್ಕಮ್ಮ ಆ ಹುಡುಗಿಗೆ ಮದುವೆ ಆಗಿದೆಯೇ ಎಂದು ವಿಚಾರಿಸಿ, ಆಗಿಲ್ಲವೆಂದು ತಿಳಿದು, ಒಂದು ಗಂಡನ್ನೂ ಸೂಚಿಸಿದರು.

ಇಂಥ ಮನೆಗೆ ಕೃತಕ ಬುದ್ಧಿಮತ್ತೆ ಬಂತು. ಹೋದ ವರ್ಷ ಗಿರಿಜೆಯ ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬಿ, ಅವಳನ್ನು ಅರಸೀಕೆರೆಯಿಂದ ಹಾಸನದ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಕರೆದೊಯ್ದಿದ್ದೆ. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಮದುವೆಯಾದಂದಿನಿಂದ "ಸ್ವಲ್ಪ ಸುಮ್ಮನಿರೇ" ಎಂದು ಬೇಡಿಕೊಂಡು ಬಂದವನು ನಾನು; ಅಂದು ಅವಳ ಬಾಯಿಂದ ಒಂದು ಬೈಗುಳ ಬಂದರೆ ಸಾಕೆಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಪುಣ್ಯಕ್ಕೆ ಉಳಿದಳು. "ಮತ್ತೆ ನೀರು ತುಂಬೋಕೆ ಶುರುವಾದ್ರೆ ಬೇಗ ಗೊತ್ತಾಗಬೇಕು, ಆಗ ಮಾತ್ರೆಯಲ್ಲೇ ಹೋಗುತ್ತೆ. ತಡವಾದ್ರೆ ಕಷ್ಟ" ಎಂದರು ಡಾಕ್ಟರು. ಕಾಲು ಊದುವ ಮೊದಲೇ, ಏದುಸಿರು ಬರುವ ಮೊದಲೇ, ದನಿ ಸ್ವಲ್ಪ ಬದಲಾಗುತ್ತದಂತೆ. ನಮ್ಮ ಕಿವಿಗೆ ತಿಳಿಯದ ಆ ಬದಲಾವಣೆ ಕಂಪ್ಯೂಟರಿಗೆ ತಿಳಿಯುತ್ತದಂತೆ. ಹಾಗಾಗಿ ದಿನಾ ಬೆಳಿಗ್ಗೆ ಆಸ್ಪತ್ರೆಯ ಯಂತ್ರವೇ ಫೋನು ಮಾಡಿ "ಹೇಗಿದ್ದೀರಿ?" ಎನ್ನುತ್ತದೆ. ಗಿರಿಜೆ ಒಂದು ನಿಮಿಷ ಏನಾದರೂ ಮಾತಾಡಬೇಕು. ಅದನ್ನು ಅವಳು ಚೆನ್ನಾಗಿದ್ದ ದಿನದ ದನಿಯೊಂದಿಗೆ ಅದು ಹೋಲಿಸಿ ನೋಡುತ್ತದೆ. ನನ್ನ ಹೆಂಡತಿಗೆ ಮಾತಾಡಲು ಅಪ್ಪಣೆ ಕೊಟ್ಟವರನ್ನು ನಾನು ಕಂಡದ್ದು ಅದೇ ಮೊದಲು.

ಒಂದು ದಿನ ಕೊಬ್ಬರಿ ಮಂಡಿಯಲ್ಲಿದ್ದಾಗ ಆಸ್ಪತ್ರೆಯ ನರ್ಸ್ ಫೋನು ಮಾಡಿದರು. "ಸರ್, ಮೇಡಂ ದನಿ ತುಂಬಾ ಬದಲಾಗಿದೆ ಅಂತ ತೋರಿಸ್ತಿದೆ. ಹೇಗಿದ್ದಾರೆ ನೋಡಿ, ತಕ್ಷಣ ಕರ್ಕೊಂಡು ಬನ್ನಿ." ತೂಕಕ್ಕಿಟ್ಟ ಚೀಲ ಹಾಗೇ ಬಿಟ್ಟು ಮನೆಗೆ ಓಡಿದೆ. ಗಿರಿಜೆ ಪಕ್ಕದ ಮನೆಯ ಪುಟ್ಟಮ್ಮನ ಜೊತೆ ಜಗಲಿಯಲ್ಲಿ ಕೂತು, ಅವರೆಕಾಯಿ ಸುಲಿಯುತ್ತಾ ನಗುತ್ತಿದ್ದಳು.

"ಬೆಳಿಗ್ಗೆ ಫೋನಲ್ಲಿ ಮಾತಾಡಿದ್ದು ಯಾರೇ?"

"ನಾನೇ. ಪುಟ್ಟಮ್ಮ ಬಂದಿದ್ರಲ್ಲ, ಅವರಿಗೂ ಕೊಟ್ಟೆ."

"ಹೂ ಕಣಣ್ಣ," ಎಂದರು ಪುಟ್ಟಮ್ಮ, "ಊಟ ಆಯ್ತಾ ಅಂತ ಕೇಳ್ದೆ, ಉತ್ರಾನೇ ಕೊಡ್ಲಿಲ್ಲ. ಆ ವಮ್ಮಂಗೆ ಬಿಗುಮಾನ ಜಾಸ್ತಿ ಐತೆ."

"ಅದು ಯಂತ್ರ ಕಣಮ್ಮಾ!"

"ಯಂತ್ರ ಆದ್ರೇನ್ರೀ?" ಎಂದಳು ಗಿರಿಜೆ. "ದಿನಾ ಹೇಗಿದ್ದೀರಿ ಅಂತ ಕೇಳುತ್ತೆ. ನೀವು ಕೇಳ್ತೀರಾ?"

ಮಾತಿನಲ್ಲಿ ಸೋತಾಗ ಗಂಡಸರು ಮಾಡುವುದನ್ನೇ ನಾನೂ ಮಾಡಿದೆ, ಉಪದೇಶ ಶುರುಮಾಡಿದೆ. ಇದು ಹುಡುಗಾಟವಲ್ಲ, ನಿನ್ನ ಜೀವದ ಪ್ರಶ್ನೆ, ಇನ್ನು ಮೇಲೆ ಬಾಗಿಲು ಹಾಕಿಕೊಂಡು ಒಬ್ಬಳೇ ಮಾತಾಡು, ಎಂದೆಲ್ಲ. ನರ್ಸಿಗೂ ವಿಷಯ ತಿಳಿಸಿದೆ. ಅವರು ನಕ್ಕು, ಹಿಂದಿನ ದಿನಗಳದ್ದನ್ನೂ ಕೇಳಿ ನೋಡುವುದಾಗಿ ಹೇಳಿದರು. ಸಂಜೆ ಮತ್ತೆ ಅವರದೇ ಫೋನು.

"ಸರ್, ಮೇಡಂ ಚೆನ್ನಾಗಿದ್ದಾರೆ, ಗಾಬರಿ ಬೇಡ. ಆದ್ರೆ ಸೋಮವಾರ ಮೇಡಂದು ಒಂದು ನಿಮಿಷ ಮುಗಿದ ಮೇಲೆ ಯಾರೋ ಗಂಡಸರು ಮಾತಾಡಿದ್ದಾರೆ. ಒಂದು ವಾಕ್ಯ ಮುಗಿಸೋಕೆ ಮೂರು ಸಲ ಉಸಿರು ಎಳ್ಕೊಂಡಿದ್ದಾರೆ. ಯಾರು ಸರ್ ಅವರು?"

ಸೋಮವಾರ ಗಿರಿಜೆ ಫೋನನ್ನು ನನ್ನ ಕೈಗೂ ತುರುಕಿದ್ದಳು. ಅದು ಯಂತ್ರವೆಂದು ಚೆನ್ನಾಗಿ ಗೊತ್ತಿದ್ದೂ ನಾನು ಅದಕ್ಕೆ ಕೊಬ್ಬರಿ ಧಾರಣೆ ಹೇಳಿದ್ದೆ. ಉಸಿರು ಕಟ್ಟುತ್ತಿದ್ದುದೂ ಸುಳ್ಳಲ್ಲ. ಈಚೆಗೆ ನೆಂಟರಿಗೆ ಹುಲಿಕೆರೆಯ ಹಳೇ ಮೆಟ್ಟಿಲ ಕೊಳ ತೋರಿಸಲು ಹೋದಾಗ ಮೆಟ್ಟಿಲು ಹತ್ತಲಾರದೆ ಅರ್ಧದಲ್ಲೇ ಕೂತು, ಮೆಟ್ಟಿಲು ಕಟ್ಟಿಸಿದ ರಾಜರನ್ನು ಬೈದುಕೊಂಡಿದ್ದೆ.

ಮರುದಿನ ಹಾಸನದಲ್ಲಿ ಪರೀಕ್ಷೆ ಆಯಿತು. "ನಿಮ್ಮ ಹೃದಯವೂ ಸ್ವಲ್ಪ ಬಳಲಿದೆ. ಒಳ್ಳೇ ಹೊತ್ತಿಗೆ ಬಂದ್ರಿ, ಮಾತ್ರೆ ಸಾಕು" ಎಂದರು ಡಾಕ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಗಿರಿಜೆ ನನ್ನ ಕೈ ಹಿಡಿದವಳು ಊರು ಬರುವವರೆಗೂ ಬಿಡಲಿಲ್ಲ. ನನಗೂ ಬಿಡಿಸಿಕೊಳ್ಳುವ ಮನಸ್ಸಾಗಲಿಲ್ಲ.

ಈಗ ನನಗೂ ದಿನಾ ಫೋನು ಬರುತ್ತದೆ. ಒಂದು ನಿಮಿಷ ಎಷ್ಟು ಉದ್ದವೆಂದು ಈಗ ತಿಳಿಯಿತು. ಧಾರಣೆ ಹೇಳಿ ಮುಗಿಸಿದರೂ ಸಮಯ ಮಿಗುತ್ತಿತ್ತು. ಹೆಂಡತಿಯ ಮೇಲಿನ ದೂರುಗಳನ್ನು ಹೇಳತೊಡಗಿದೆ. ಉಪ್ಪಿಲ್ಲದ ಸಾರು, ಮುಗಿಯದ ಧಾರಾವಾಹಿ, ಹೀಗೆ. ಯಂತ್ರ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡಿತು. ಕೆಲವೇ ವಾರಗಳಲ್ಲಿ ನರ್ಸ್ ಫೋನು ಮಾಡಿ, ಉಸಿರು ಎಷ್ಟೋ ಸುಧಾರಿಸಿದೆ, ಏನು ಮಾಡುತ್ತಿದ್ದೀರಿ ಎಂದು ವಿಚಾರಿಸಿದರು. ಗಿರಿಜೆ ಫೋನು ಕಿತ್ತುಕೊಂಡು, "ದಿನಾ ನನ್ನ ಬೈತಾರೆ ಕಣಮ್ಮ, ಬಾಗಿಲ ಹಿಂದೆ ನಿಂತು ಕೇಳಿಸ್ಕೋತೀನಿ. ಬೈಲಿ ಬಿಡಿ, ಉಸಿರು ಚೆನ್ನಾಗಿದ್ರೆ ಸಾಕು" ಎಂದಳು.

ಇನ್ನು ಅವಳನ್ನು ಬೈಯಲು ನಾಲಿಗೆ ಏಳುವುದಾದರೂ ಹೇಗೆ? ಮಾರನೆಯ ಬೆಳಿಗ್ಗೆ ಒಂದು ನಿಮಿಷ ಪೂರ್ತಿ, ಮನಸಾರೆ, ನನ್ನ ಹೆಂಡತಿಯನ್ನು ಹೊಗಳಿದೆ. ಹತ್ತು ಗಂಟೆಗೆಲ್ಲ ನರ್ಸ್ ಫೋನು ಮಾಡಿದರು.

"ಸರ್, ಇವತ್ತಿನ ದನಿ ನಿಮ್ಮದಲ್ಲ ಅಂತ ತೋರಿಸ್ತಿದೆ. ಮತ್ತೆ ಯಾರ ಕೈಗೆ ಕೊಟ್ರಿ?"